ಕಾವಲಿ ಹೊಸದು, ತಟ್ಟುವ ಕೈ ಹಳೆಯದು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆಯನ್ನು ಕಟ್ಟಿದ ಹಿರಿಯರು ಕಂಪ್ಯೂಟರನ್ನು ಕಂಡವರಲ್ಲ. ಆದರೂ ಇಂದು ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದು ಇದೇ. ಕಾಲೇಜಿಗೆ ಹೋಗುವ ಮಗನ ಕಂಪ್ಯೂಟರಿನಲ್ಲಿ ಹೊಸ ಆಟಗಳು ತಡವರಿಸುತ್ತವೆ. ಪರದೆಯ ಮೇಲೆ ಓಡುವ ಕಾರು ನಡುನಡುವೆ ಮುಗ್ಗರಿಸುತ್ತದೆ. ‘ಗ್ರಾಫಿಕ್ಸ್ ಕಾರ್ಡು ಹಳೆಯದಾಯಿತು’ ಎಂದು ಗೆಳೆಯರು ತೀರ್ಪು ಕೊಡುತ್ತಾರೆ. ತಿಂಗಳುಗಟ್ಟಲೆ ಕೂಡಿಟ್ಟ ಹಣ ಅಂಗಡಿಯವನ ಪಾಲಾಗಿ ಹೊಸ ಕಾರ್ಡು ಮನೆಗೆ ಬರುತ್ತದೆ. ಆಟ ಮಾತ್ರ ಮೊದಲಿನಂತೆಯೇ ಮುಗ್ಗರಿಸುತ್ತದೆ! ಹಣವೂ ಹೋಯಿತು, ರೋಗವೂ ಉಳಿಯಿತು. ಹೀಗೇಕೆ?

ಆಟವೆಂಬುದು ವಸ್ತುತಃ ಒಂದರ ಹಿಂದೊಂದು ಮೂಡುವ ಚಿತ್ರಗಳ ಸಾಲು. ಚಲನಚಿತ್ರಕ್ಕೆ ಸೆಕೆಂಡಿಗೆ 24 ಚಿತ್ರಗಳು ಸಾಕು. ಆಟಕ್ಕೆ 60 ಆದರೂ ಬೇಕೆಂಬುದು ಆಟಗಾರರ ಅಪೇಕ್ಷೆ. ಅಂದರೆ ಒಂದೊಂದು ಚಿತ್ರಕ್ಕೂ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಪ್ರತಿ ಚಿತ್ರಕ್ಕೂ ಇಬ್ಬರು ದುಡಿಯಬೇಕು. ಯಾವ ಕಾರು ಎಲ್ಲಿದೆ, ಯಾವ ಗೋಡೆ ಕುಸಿಯಿತು, ಎದುರಾಳಿ ಯಾವ ಕಡೆ ತಿರುಗಿದ ಎಂದೆಲ್ಲ ಲೆಕ್ಕ ಹಾಕಿ ಅಪ್ಪಣೆ ಕೊಡುವುದು ಪ್ರೊಸೆಸರಿನ ಕೆಲಸ. ಆ ಅಪ್ಪಣೆಯಂತೆ ಬಣ್ಣ, ಬೆಳಕು, ನೆರಳುಗಳನ್ನು ತುಂಬಿ ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ.

ಹಬ್ಬದ ದಿನದ ಅಡುಗೆಮನೆಯನ್ನು ನೆನೆಯೋಣ. ಅತ್ತೆಯವರು ಹೋಳಿಗೆ ತಟ್ಟುತ್ತಾರೆ. ಸೊಸೆ ಕಾವಲಿಯ ಮೇಲೆ ಬೇಯಿಸುತ್ತಾಳೆ. ತಟ್ಟುವ ಕೈ ಪ್ರೊಸೆಸರು, ಕಾವಲಿ ಗ್ರಾಫಿಕ್ಸ್ ಕಾರ್ಡು. ಒಂದು ಹೋಳಿಗೆ ತಟ್ಟಲು ಎರಡು ನಿಮಿಷ, ಬೇಯಲು ಒಂದು ನಿಮಿಷ ಎಂದಾದರೆ, ಕಾವಲಿ ಅರ್ಧ ಹೊತ್ತು ಬರಿದೆ ಕಾಯುತ್ತದೆ. ಗಂಟೆಗೆ ದೊರೆಯುವುದು 30 ಹೋಳಿಗೆ. ಅಂಗಡಿಯಲ್ಲಿರುವ ಅತ್ಯುತ್ತಮ ಕಾವಲಿಯನ್ನೇ ತಂದಿಟ್ಟರೂ 31ನೆಯದು ಬಂದೀತೆ?

ತಡವಾಗುತ್ತಿರುವುದು ತಟ್ಟುವುದರಲ್ಲೋ ಬೇಯಿಸುವುದರಲ್ಲೋ ಎಂದು ತಿಳಿಯಲು ಸುಲಭೋಪಾಯವೊಂದುಂಟು. ಒಲೆಯ ಉರಿ ಹೆಚ್ಚಿಸಿ ನೋಡಬೇಕು. ಬೇಗ ಬೆಂದರೂ ಎಣಿಕೆ ಏರದಿದ್ದರೆ ತಡ ತಟ್ಟುವ ಕೈಯಲ್ಲಿದೆ. ಕಂಪ್ಯೂಟರಿನಲ್ಲೂ ಪರೀಕ್ಷೆ ಇದೇ. ಆಟದ ಸೆಟ್ಟಿಂಗ್ಸಿಗೆ ಹೋಗಿ ರೆಸಲ್ಯೂಶನನ್ನು 1920×1080ರಿಂದ 1280×720ಕ್ಕೆ ಇಳಿಸಬೇಕು. ಆಗ ತುಂಬಬೇಕಾದ ಚುಕ್ಕೆಗಳ ಸಂಖ್ಯೆ ಸುಮಾರು 20.7 ಲಕ್ಷದಿಂದ 9.2 ಲಕ್ಷಕ್ಕೆ ಇಳಿಯುತ್ತದೆ; ಕಾರ್ಡಿನ ಹೊರೆ ಅರ್ಧಕ್ಕಿಂತ ಹಗುರಾಗುತ್ತದೆ. ಪ್ರೊಸೆಸರಿನ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸೆಕೆಂಡಿಗೆ ಮೂಡುವ ಚಿತ್ರಗಳು ಗಣನೀಯವಾಗಿ ಹೆಚ್ಚಿದರೆ ಅಡ್ಡಿ ಕಾರ್ಡಿನದು. ಇದ್ದಲ್ಲಿಯೇ ನಿಂತರೆ ಪ್ರೊಸೆಸರಿನದು. ಐದು ನಿಮಿಷದ ಈ ಪರೀಕ್ಷೆಗೆ ಬಿಡಿಗಾಸಿನ ಖರ್ಚಿಲ್ಲ.

ಕಾರ್ಡು ಎಷ್ಟು ದುಡಿಯುತ್ತಿದೆ ಎಂಬ ಅಂಕಿಯೂ ಸಾಕ್ಷಿ ಹೇಳುತ್ತದೆ. ಆಡುವಾಗ ಅದು ಶೇಕಡಾ 95ಕ್ಕೆ ಮೇಲಿದ್ದರೆ ಕಾರ್ಡಿಗೆ ಬಿಡುವಿಲ್ಲ. ಶೇಕಡಾ 60ರಲ್ಲಿ ತೂಗಾಡುತ್ತಿದ್ದರೆ ಅದು ಯಾರಿಗಾಗಿಯೋ ಕಾಯುತ್ತಿದೆ. ಆದರೆ ಅವಸರದ ತೀರ್ಮಾನ ಸಲ್ಲದು. ಸೆಕೆಂಡಿಗೆ ಇಷ್ಟೇ ಚಿತ್ರ ಸಾಕೆಂಬ ಮಿತಿಯನ್ನು ಆಟದಲ್ಲಿಯೇ ವಿಧಿಸಿದ್ದರೆ ಕಾರ್ಡು ಸುಮ್ಮನಿರುವುದು ಸಹಜ. ಆ ಮಿತಿಯನ್ನು ತೆಗೆದ ಮೇಲೆಯೇ ಪರೀಕ್ಷಿಸಬೇಕು.

ಇಲ್ಲಿ ಅನೇಕರನ್ನು ದಾರಿ ತಪ್ಪಿಸುವ ಅಂಕಿಯೊಂದಿದೆ. ‘ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಬಳಕೆ ಶೇಕಡಾ 30 ಎಂದಿದೆ, ಅದಕ್ಕೇನು ಆಯಾಸ?’ ಎಂಬುದು ಸಾಮಾನ್ಯ ವಾದ. ಈ 30 ಎಂಬುದು ಸರಾಸರಿ. ಪ್ರೊಸೆಸರಿನೊಳಗೆ 16 ಕೆಲಸಗಾರರಿದ್ದಾರೆ ಎನ್ನೋಣ. ಅವರಲ್ಲಿ ಒಬ್ಬನೇ ಉಸಿರುಗಟ್ಟಿ ದುಡಿಯುತ್ತಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಶೇಕಡಾ 6 ಎಂದಷ್ಟೇ ಕಾಣುತ್ತದೆ. ಆಟಗಳ ಮುಖ್ಯ ಲೆಕ್ಕಾಚಾರ ಬಹುಮಟ್ಟಿಗೆ ಒಂದೇ ಸರಣಿಯಲ್ಲಿ ನಡೆಯುವಂಥದು. ಒಬ್ಬರು ಕಾಯಿ ತುರಿಯಬಹುದು, ಇನ್ನೊಬ್ಬರು ಹೂರಣ ರುಬ್ಬಬಹುದು. ಕೊನೆಗೆ ತಟ್ಟುವವರು ಒಬ್ಬರೇ ಆದರೆ ಎಲ್ಲರೂ ಅವರಿಗಾಗಿ ಕಾಯಲೇಬೇಕು. ಐ.ಬಿ.ಎಂ. ಸಂಸ್ಥೆಯ ಸಿಸ್ಟಂ 360 ಯಂತ್ರಗಳ ಶಿಲ್ಪಿ ಜೀನ್ ಆಮ್ಡಾಲ್ 1967ರಲ್ಲಿಯೇ ಈ ತತ್ತ್ವವನ್ನು ಮುಂದಿಟ್ಟರು. ಕೆಲಸದ ಅರ್ಧಭಾಗ ಒಬ್ಬನಿಂದಲೇ ಆಗಬೇಕಾದದ್ದಾದರೆ, ಸಾವಿರ ಜನ ನೆರವಿಗೆ ಬಂದರೂ ಒಟ್ಟು ವೇಗ ಎರಡು ಪಟ್ಟನ್ನು ಮೀರದು. ಆದುದರಿಂದ ಸರಾಸರಿಯನ್ನು ಬಿಟ್ಟು ಒಬ್ಬೊಬ್ಬ ಕೆಲಸಗಾರನ ನಕ್ಷೆಯನ್ನು ಬೇರೆಬೇರೆಯಾಗಿ ನೋಡಬೇಕು.

ಇದಕ್ಕೆ ಒಳ್ಳೆಯ ನಿದರ್ಶನ 2020ರ ಆಗಸ್ಟಿನಲ್ಲಿ ಹೊರಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ಫ್ರಾನ್ಸಿನ ಬೋರ್ಡೋ ನಗರದ ಅಸೋಬೊ ಸ್ಟುಡಿಯೋ ರಚಿಸಿದ ಈ ವಿಮಾನದಾಟದಲ್ಲಿ ಬಯಲಿನ ಮೇಲೆ ಹಾಯಾಗಿ ತೇಲುತ್ತಿದ್ದ ವಿಮಾನ, ನ್ಯೂಯಾರ್ಕಿನಂತಹ ಮಹಾನಗರವನ್ನು ಸಮೀಪಿಸುತ್ತಲೇ ಮುಗ್ಗರಿಸುತ್ತಿತ್ತು. ದುಬಾರಿ ಕಾರ್ಡುಗಳಿದ್ದವರಿಗೂ ಅದೇ ಪಾಡು. ತಡೆ ಎಲ್ಲಿದೆ ಎಂದು ತೋರಿಸುವ ವ್ಯವಸ್ಥೆ ಆ ಆಟದಲ್ಲಿಯೇ ಉಂಟು. ಪ್ರೊಸೆಸರಿನ ಮುಖ್ಯ ಸರಣಿಯೇ ತಡೆಯೆಂದು ಅದು ಅನೇಕರಿಗೆ ತಿಳಿಸಿತು. 2021ರ ಜುಲೈನಲ್ಲಿ ತಯಾರಕರು ಪ್ರೊಸೆಸರಿನ ಹೊರೆಯನ್ನು ಇಳಿಸಿ ಆಟವನ್ನು ತಿದ್ದಿದರು. ಎಷ್ಟೋ ಹಳೆಯ ಯಂತ್ರಗಳಲ್ಲಿಯೇ ವಿಮಾನ ಸರಾಗವಾಗಿ ಹಾರಿತು. ಅದಕ್ಕೆ ಮೊದಲೇ ಹೊಸ ಕಾರ್ಡಿಗೆ ಹಣ ಸುರಿದವರ ಮನಃಸ್ಥಿತಿಯನ್ನು ಓದುಗರೇ ಊಹಿಸಬಹುದು.

ತಡೆ ಪ್ರೊಸೆಸರಿನಲ್ಲಿಯೇ ಇದೆಯೆಂದು ಗೊತ್ತಾದರೂ ಕೂಡಲೇ ಹೊಸದನ್ನು ಕೊಳ್ಳಬೇಕಾಗಿಲ್ಲ. ಮೊದಲು ಪೆಟ್ಟಿಗೆಯ ಧೂಳು ಕೊಡವಬೇಕು. ಫ್ಯಾನು ಕಟ್ಟಿಕೊಂಡು ಬಿಸಿಯೇರಿದ ಪ್ರೊಸೆಸರು ಆತ್ಮರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹಿನ್ನೆಲೆಯಲ್ಲಿ ಓಡುವ ಬೇಡದ ಪ್ರೋಗ್ರಾಂಗಳನ್ನು ನಿಲ್ಲಿಸಬೇಕು. ಮೆಮೊರಿ ಪಟ್ಟಿ ಒಂದೇ ಇದ್ದರೆ ಸರಿಹೊಂದುವ ಇನ್ನೊಂದನ್ನು ಜೋಡಿಸಬೇಕು. ಎರಡು ದಾರಿಗಳಲ್ಲಿ ಸರಕು ಬರುವುದರಿಂದ ಪ್ರೊಸೆಸರು ಕಾಯುವುದು ಕಡಿಮೆಯಾಗುತ್ತದೆ. ಆಟದಲ್ಲಿ ಜನಸಂದಣಿ, ವಾಹನಸಂಚಾರ, ದೂರದ ನೋಟ ಇವುಗಳನ್ನು ತಗ್ಗಿಸಿದರೂ ಹೊರೆ ಇಳಿಯುತ್ತದೆ.

ಇಷ್ಟಾದರೂ ಸಾಲದಿದ್ದಾಗ ಕೊಳ್ಳುವ ಮಾತು. ಆಗಲೂ ಬರಿಯ ಗಿಗಾಹರ್ಟ್ಸ್ ನೋಡಿ ಮರುಳಾಗಬಾರದು. 2022ರಲ್ಲಿ ಎ.ಎಂ.ಡಿ. ಸಂಸ್ಥೆ ಹೊರತಂದ ರೈಜೆನ್ 7 5800ಎಕ್ಸ್3ಡಿ, ತನ್ನ ಅಣ್ಣ 5800ಎಕ್ಸ್‌ಗಿಂತ ಗಡಿಯಾರದ ವೇಗದಲ್ಲಿ ತುಸು ಹಿಂದೆ. ಆದರೂ ಬಹಳಷ್ಟು ಆಟಗಳಲ್ಲಿ ಮುಂದೆ. ಕಾರಣವಿಷ್ಟೆ: ಅಣ್ಣನ ಮಡಿಲ ಮೆಮೊರಿ 32 ಮೆಗಾಬೈಟಾದರೆ ತಮ್ಮನದು 96. ಕಣಕ ಹೂರಣಗಳು ಕೈಗೆಟುಕುವಲ್ಲಿದ್ದರೆ ತಟ್ಟುವವರು ಪದೇಪದೇ ಉಗ್ರಾಣಕ್ಕೆ ಏಳಬೇಕಾಗಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಬಿಡಿಭಾಗ ಕೇಳಿದರೂ ಸಿಕ್ಕೀತು. ಯಾವುದು ಬೇಕೆಂಬ ನಿರ್ಣಯ ಮಾತ್ರ ಮನೆಯಲ್ಲಿಯೇ ಆಗಬೇಕು. ಮಗ ಹೊಸ ಕಾರ್ಡು ಕೇಳಿದಾಗ ತಂದೆತಾಯಿಗಳು ಗದರಬೇಕಾಗಿಲ್ಲ, ಕೂಡಲೇ ಹಣ ಎಣಿಸಬೇಕಾಗಿಯೂ ಇಲ್ಲ. ‘ರೆಸಲ್ಯೂಶನ್ ಇಳಿಸಿ ನೋಡಿದೆಯಾ ಮಗು?’ ಎಂದು ಕೇಳಿದರೆ ಸಾಕು.