ಸಸ್ಯಾಹಾರಿಗಳ ಮನೆಗೂ ಬರುವ ಮಿದುಳಿನ ಹುಳು

ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಿರಲಿ, ಸುತ್ತಲಿನ ಸವಣೂರು, ಹಾನಗಲ್ಲ, ಹಿರೇಕೆರೂರುಗಳಿರಲಿ, ಜೋಳದ ರೊಟ್ಟಿಯೊಡನೆ ಹಸಿ ಮೆಂತ್ಯೆ ಸೊಪ್ಪು, ಹಕ್ಕರಿಕೆ, ಮೂಲಂಗಿ, ಉಳ್ಳಾಗಡ್ಡಿ ತಿನ್ನುವುದು ನಮ್ಮ ಭಾಗದ ಹಳೆಯ ರೂಢಿ. ಅದು ಒಳ್ಳೆಯ ರೂಢಿಯೇ ಹೌದು. ಆದರೆ ಆ ಸೊಪ್ಪನ್ನು ಸರಿಯಾಗಿ ತೊಳೆಯದಿದ್ದರೆ ಅದರೊಡನೆ ಕಣ್ಣಿಗೆ ಕಾಣದ ಶತ್ರುವೊಂದು ಹೊಟ್ಟೆ ಸೇರಬಹುದು. ಅದುವೇ ಹಂದಿಯ ಲಾಡಿಹುಳುವಿನ ಮೊಟ್ಟೆ.

“ನಾವು ಮಾಂಸವನ್ನೇ ಮುಟ್ಟುವುದಿಲ್ಲ, ಹಂದಿಯ ಹುಳು ನಮಗೆ ಹೇಗೆ ಬಂದೀತು?” ಎಂದು ಓದುಗರು ಕೇಳಬಹುದು. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಈ ಹುಳು ಹಲವು ಅಡಿ ಉದ್ದ ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದೊಡನೆ ಹೊರಬಿದ್ದು ಮಣ್ಣು, ನೀರು, ಕಾಯಿಪಲ್ಲೆ, ಕೈಗಳನ್ನು ಸೇರುತ್ತವೆ. ಮಿದುಳಿನ ರೋಗ ಬರುವುದು ಮಾಂಸದಿಂದಲ್ಲ, ಈ ಮೊಟ್ಟೆಗಳನ್ನು ನುಂಗುವುದರಿಂದ. ಮೊಟ್ಟೆಯಿಂದ ಹೊರಬಂದ ಮರಿ ಕರುಳಿನ ಗೋಡೆಯನ್ನು ಭೇದಿಸಿ, ರಕ್ತದ ಮೂಲಕ ಮಿದುಳನ್ನು ತಲುಪಿ, ಅಲ್ಲಿ ಸಣ್ಣ ನೀರುಗುಳ್ಳೆಯಾಗಿ ನೆಲೆಸುತ್ತದೆ. ಇದಕ್ಕೆ ವೈದ್ಯರು ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ.

ಅಮೆರಿಕದ ನ್ಯೂಯಾರ್ಕಿನಲ್ಲಿ ಹಂದಿಮಾಂಸ ವರ್ಜಿಸಿದ ಸಂಪ್ರದಾಯಸ್ಥ ಯಹೂದಿ ಸಮಾಜದ ನಾಲ್ವರಿಗೆ ಈ ರೋಗ ಬಂದುದನ್ನು 1992ರಲ್ಲಿ ವೈದ್ಯರು ವರದಿ ಮಾಡಿದರು. ಪರೀಕ್ಷಿಸಿದಾಗ ಮನೆಗೆಲಸದವರೊಬ್ಬರ ಕರುಳಿನಲ್ಲಿ ಲಾಡಿಹುಳು ಇರುವುದು ಗೊತ್ತಾಯಿತು. ಇದನ್ನು ಓದಿ ಕಾಯಕದವರನ್ನು ದೂರ ಇಡುವುದು ತರವಲ್ಲ. ಹುಳು ಹೊತ್ತವರಿಗೆ ಅದರ ಅರಿವೇ ಇರುವುದಿಲ್ಲ. ಅವರಿಗೂ ಚಿಕಿತ್ಸೆ ಕೊಡಿಸುವುದು, ಕೈ ತೊಳೆಯಲು ನೀರು-ಸಾಬೂನು, ಬಳಸಲು ಶೌಚಾಲಯ ಒದಗಿಸುವುದು ಮನೆಯವರ ಕರ್ತವ್ಯ.

ಇನ್ನು ಮಿದುಳಿನೊಳಗೆ ನಡೆಯುವುದು ಬಹು ವಿಚಿತ್ರವಾದುದು. ಜೀವಂತ ಗುಳ್ಳೆಯು ನಮ್ಮ ದೇಹದ ರಕ್ಷಣಾ ವ್ಯವಸ್ಥೆಯನ್ನು ವಂಚಿಸಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಅದು ಸಾಯತೊಡಗಿದಾಗಲೇ ಬಹುತೇಕ ಕೇಡು ಆರಂಭ. ಆಗ ಎಚ್ಚೆತ್ತ ರಕ್ಷಣಾ ಕೋಶಗಳು ಮುತ್ತಿಗೆ ಹಾಕುತ್ತವೆ; ಉರಿಯೂತ, ಬಾವು ಉಂಟಾಗುತ್ತವೆ. ಆ ಕಾಳಗದಲ್ಲಿ ನೆರೆಯ ನರಕೋಶಗಳು ಬಲಿಯಾಗುತ್ತವೆ. ನರಕೋಶಗಳು ಒಂದಕ್ಕೊಂದು ಸಂದೇಶ ಮುಟ್ಟಿಸಲು ಬಳಸುವ ಗ್ಲುಟಮೇಟ್ ಎಂಬ ವಸ್ತು ಮಿತಿಮೀರಿದರೆ ಅವುಗಳಿಗೇ ವಿಷವಾಗುತ್ತದೆ. ಹುಳುವಿನ ಮರಿಯಲ್ಲಿಯೂ ಈ ವಸ್ತು ಇರುವುದನ್ನು ದಕ್ಷಿಣ ಆಫ್ರಿಕದ ಕೇಪ್‌ಟೌನ್ ಸಂಶೋಧಕರು ಇತ್ತೀಚೆಗೆ ಕಂಡುಕೊಂಡಿದ್ದಾರೆ. ಸತ್ತ ನರಕೋಶದ ಸ್ಥಾನವನ್ನು ಹೊಸ ಕೋಶ ತುಂಬುವುದು ಅತಿ ವಿರಳ. ಉಳಿದ ಕೋಶಗಳು ಕೆರಳಿದಾಗ ಮೂರ್ಛೆ ಬರುತ್ತದೆ. ಈ ರೋಗ ನೆಲೆಸಿರುವ ಅನೇಕ ಪ್ರದೇಶಗಳಲ್ಲಿ ಶೇಕಡಾ 30ರಷ್ಟು ಅಪಸ್ಮಾರಕ್ಕೆ ಇದರ ಸಂಬಂಧವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಿಂದೆ ಭಾರತದಲ್ಲಿ ಮಿದುಳಿನ ಚಿತ್ರದಲ್ಲಿ ಕಾಣುವ ಇಂಥ ಒಂಟಿ ಗಂಟನ್ನು ಕ್ಷಯದ ಗಂಟೆಂದೇ ಭಾವಿಸುತ್ತಿದ್ದರು. ಅವುಗಳಲ್ಲಿ ಬಹಳಷ್ಟು ಸಾಯುತ್ತಿರುವ ಹುಳುಗುಳ್ಳೆಗಳೆಂದು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ವೈದ್ಯರು 1980ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಇದು ಸಮಾಧಾನದ ಸಂಗತಿ. ಏಕೆಂದರೆ ಒಂಟಿ ಗುಳ್ಳೆ ಅನೇಕ ವೇಳೆ ಕರಗಿಹೋಗುತ್ತದೆ, ಮೂರ್ಛೆಯೂ ಔಷಧದಿಂದ ಹತೋಟಿಗೆ ಬರುತ್ತದೆ. ಆದರೆ ಮೂರ್ಛೆ ಬಂದವರಿಗೆ ಅಂಗಡಿಯಿಂದ ಹುಳುವಿನ ಗುಳಿಗೆ ತಂದು ನುಂಗಿಸಬಾರದು. ಗುಳ್ಳೆಗಳು ಒಮ್ಮೆಲೆ ಸತ್ತರೆ ಬಾವು ಹೆಚ್ಚಿ ಪ್ರಾಣಕ್ಕೇ ಅಪಾಯವಾದೀತು. ಎಷ್ಟು ಗುಳ್ಳೆಗಳಿವೆ, ಯಾವ ಸ್ಥಿತಿಯಲ್ಲಿವೆ ಎಂಬುದನ್ನು ನೋಡಿ, ಬಾವು ಇಳಿಸುವ ಔಷಧದೊಡನೆ ವೈದ್ಯರೇ ಅದನ್ನು ಕೊಡಬೇಕು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಲ್ಲಿ ಅಪಸ್ಮಾರಕ್ಕೆ ಚಿಕಿತ್ಸೆ ದೊರೆಯುತ್ತದೆ.

ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು ವ್ಯರ್ಥ. ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನ ಬಟ್ಟೆ ಇಡಬೇಕು. 5 ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಮನಸ್ಸನ್ನು ಕಲಕುವ ಇನ್ನೊಂದು ಮಾತಿದೆ. ಮಗಳಿಗೆ ವರ ಸಿಗಲಾರನೆಂಬ ಭಯದಿಂದ ತಾಯಿ-ತಂದೆಗಳು ಮೂರ್ಛೆಯನ್ನು ಮುಚ್ಚಿಡುತ್ತಾರೆ. ಗುಳಿಗೆಯನ್ನು ಅರ್ಧಕ್ಕೇ ಬಿಡಿಸುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರವು ಮದುವೆಗೆ ಅಡ್ಡಿಯೆಂದಿದ್ದ ಮಾತನ್ನು 1999ರಲ್ಲಿಯೇ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟುಕೊಟ್ಟ ಕಳಂಕವನ್ನು ನಾವೇಕೆ ಹೊತ್ತು ತಿರುಗಬೇಕು?

ಸೊಪ್ಪನ್ನು ಎಲೆಎಲೆಯಾಗಿ ಬಿಡಿಸಿ ಹರಿಯುವ ನೀರಿನಲ್ಲಿ ಹಲವು ಸಲ ತೊಳೆಯಬೇಕು. ಉಪ್ಪುನೀರನ್ನು ನೆಚ್ಚಿಕೊಳ್ಳಬಾರದು, ಸಂಶಯವಿದ್ದರೆ ಬೇಯಿಸುವುದೇ ಲೇಸು. ಜಾತ್ರೆ, ಮದುವೆ, ದಾಸೋಹಗಳಲ್ಲಿ ಸಾವಿರಾರು ಜನರಿಗೆ ಪಚಡಿ, ಕೋಸಂಬರಿ ಬಡಿಸುವವರ ಹೊಣೆ ಇನ್ನೂ ದೊಡ್ಡದು. ಶೌಚದ ಬಳಿಕ, ಅಡಿಗೆಗೆ ಮುನ್ನ, ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯುವ ನೇಮ ಮನೆಮನೆಯಲ್ಲಿ ನೆಲೆಸಲಿ. ಪ್ರಸಾದವು ಪ್ರಸಾದವಾಗಿಯೇ ಉಳಿಯಬೇಕಾದರೆ ಅದನ್ನು ನೀಡುವ ಕೈ ಶುಚಿಯಾಗಿರಬೇಕು.