ನಿಮಗಿದು ಗೊತ್ತೆ? ಹೊಂಡ ತೋಡುವ ಅಲಿಗೇಟರ್

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿರುವ ಎವರ್‌ಗ್ಲೇಡ್ಸ್ ದೂರದಿಂದ ಹುಲ್ಲುಗಾವಲಿನಂತೆ ಕಾಣುತ್ತದೆ. ಕಾಲಿಟ್ಟರೆ ನೀರು! ಅದೂ ನಿಂತ ನೀರಲ್ಲ. ನೆಲದ ಇಳಿಜಾರು ಕಿಲೋಮೀಟರಿಗೆ ಸುಮಾರು 3 ಸೆಂಟಿಮೀಟರ್ ಮಾತ್ರ. ಹಾಗಾಗಿ ಹರಿವು ಕಣ್ಣಿಗೇ ಬೀಳದು.

ಚಳಿಗಾಲ ಇಲ್ಲಿ ಒಣಗಾಲ. ನೀರು ಬತ್ತುತ್ತ ಬಂದಾಗ ಇಲ್ಲಿನ ಜೀವಿಗಳನ್ನು ಉಳಿಸುವುದು ಮೊಸಳೆಯ ನೆಂಟ ಅಲಿಗೇಟರ್. ಮೂತಿ, ಕಾಲು, ಬಾಲಗಳಿಂದ ಕೆಸರು ತಳ್ಳಿ, ಗಿಡಗಂಟಿ ಕಿತ್ತು ಅದು ಮಾಡಿಕೊಂಡ ಹೊಂಡದಲ್ಲಿ ನೀರು ಉಳಿದಿರುತ್ತದೆ. ಮೀನು, ಆಮೆ, ಕಪ್ಪೆ, ಬಸವನಹುಳು ಎಲ್ಲಕ್ಕೂ ಅಲ್ಲೇ ಆಸರೆ. ಮನೆಯ ಯಜಮಾನನೇ ಆಗಾಗ ಒಬ್ಬ ಅತಿಥಿಯನ್ನು ನುಂಗುತ್ತಾನೆ ಎಂಬುದು ಬೇರೆ ಮಾತು.

ಹಕ್ಕಿಗಳ ಲೆಕ್ಕಾಚಾರ ಇನ್ನೂ ಸೋಜಿಗ. ಬೆಳ್ಳಕ್ಕಿ, ಕೊಕ್ಕರೆಗಳು ಬೇಕೆಂದೇ ಅಲಿಗೇಟರ್ ಇರುವ ನೀರಿನ ಮೇಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಮರವೇರಿ ಮೊಟ್ಟೆ ಕದಿಯುವ ರಕೂನ್‌ಗಳಿಗೆ ಆ ನೀರಿಗಿಳಿಯಲು ಅಂಜಿಕೆ. ಕಾವಲಿಗೆ ಕೂಲಿಯೂ ಉಂಟು: ಗೂಡಿನಿಂದ ಜಾರಿಬಿದ್ದ ಮರಿ ನೇರ ಅಲಿಗೇಟರಿನ ಬಾಯಿಗೆ.

ಅಲಿಗೇಟರ್ ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಗೂಡಿನ ಬಿಸಿ. ಸುಮಾರು 33 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೆಚ್ಚಾಗಿ ಗಂಡು. 30ಕ್ಕಿಂತ ಕಡಿಮೆಯಾದರೆ ಹೆಣ್ಣು.

1947ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಈ ಜಾಗದಲ್ಲಿ ಮೊಸಳೆಗಳೂ ಇವೆ. ಇವೆರಡೂ ಸಹಜವಾಗಿ ಜೊತೆಯಲ್ಲೇ ಬದುಕುವುದು ಜಗತ್ತಿನಲ್ಲಿ ದಕ್ಷಿಣ ಫ್ಲಾರಿಡಾದಲ್ಲಿ ಮಾತ್ರ. ಅಲಿಗೇಟರಿನ ಮೂತಿ ಅಗಲ, ಮೊಸಳೆಯದು ಚೂಪು. ಬಾಯಿ ಮುಚ್ಚಿದಾಗಲೂ ಕೆಳದವಡೆಯ ದೊಡ್ಡ ಹಲ್ಲು ಹೊರಗೆ ಕಂಡರೆ ಅದು ಮೊಸಳೆ. ಅಷ್ಟು ಹತ್ತಿರ ಹೋಗಿ ನೋಡುವ ಧೈರ್ಯ ನಿಮಗೆ ಬಿಟ್ಟದ್ದು!