ಹುಣಿಯೊಳಗಿನ ಕಣಜ

ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ, ನಡುವೆ ಕಿರಿದಾದ ಬೈಲು. ಕಾಪು ಸಮೀಪದ ಮಟ್ಟು ಎಂದೊಡನೆ ಹೊರಗಿನವರಿಗೆ ನೆನಪಾಗುವುದು 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಗುಳ್ಳ. ಆ ಬದನೆಗೆ ಜಾಗ ಬಿಡುವ ಮೊದಲು ಗದ್ದೆಯಲ್ಲಿರುವುದು ಮಳೆಗಾಲದ ಭತ್ತ. ತೆನೆ ಹಾಲು ತುಂಬುವ ಹೊತ್ತಿಗೆ ಹುಣಿಯ, ಅಂದರೆ ಗದ್ದೆಯ ಬದುವಿನ, ಪಕ್ಕದಲ್ಲಿ ಬೆಳಗಾಗುವಷ್ಟರಲ್ಲಿ ಹಸಿಮಣ್ಣಿನ ಗುಪ್ಪೆ ಎದ್ದಿದ್ದರೆ, ಬುಡದಲ್ಲಿ ಓರೆಯಾಗಿ ಕತ್ತರಿಸಿದ ಪೈರು ಬಿದ್ದಿದ್ದರೆ, ಬೇಸಾಯಗಾರರಿಗೆ ಬೇರೆ ಸಾಕ್ಷಿ ಬೇಡ. ತುಳುವಿನಲ್ಲಿ ಪೆರ್ಗುಡೆ ಎನ್ನುವ ಹೆಗ್ಗಣದ ಕುಲದ್ದೇ ಆದ, ಗಾತ್ರದಲ್ಲಿ ಚಿಕ್ಕದಾದ ಗದ್ದೆ ಹೆಗ್ಗಣದ ಕೆಲಸವಿದು. ಬಿಲದ ಬಾಯಿಯನ್ನು ಅದು ಒಳಗಿನಿಂದ ಮಣ್ಣು ತಳ್ಳಿ ಮುಚ್ಚಿಕೊಳ್ಳುತ್ತದೆ. ಅಗೆದು ನೋಡಿದರೆ ಕವಲೊಡೆದ ಸುರಂಗ, ಹುಲ್ಲು ಹಾಸಿದ ಗೂಡು, ಇನ್ನೊಂದು ಕೋಣೆಯಲ್ಲಿ ಒಟ್ಟಿದ ತೆನೆಗಳ ರಾಶಿ. ಇದನ್ನು ಕಂಡ ರೈತನ ಕೈ ನೇರವಾಗಿ ಪಾಷಾಣದ ಪೊಟ್ಟಣಕ್ಕೆ ಹೋಗುವುದು ಸಹಜ. ಆದರೆ ಇಲಿಯನ್ನು ಕೊಲ್ಲುವುದೇ ಬೇರೆ, ಇಲಿಯ ಸಂಖ್ಯೆಯನ್ನು ತಗ್ಗಿಸುವುದೇ ಬೇರೆ. ಈ ಎರಡನ್ನೂ ಒಂದೇ ಎಂದುಕೊಂಡಿದ್ದರಿಂದ ನಾವು ತಲೆಮಾರುಗಳಿಂದ ಸೋಲುತ್ತ ಬಂದಿದ್ದೇವೆ ಎಂಬುದು ನನ್ನ ವಾದ.

ಇದಕ್ಕೆ ಹಳೆಯ ಸಾಕ್ಷ್ಯ ಕನ್ನಡ ನೆಲದಲ್ಲೇ ಇದೆ. 1824ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಸೆರೆಯಾಳಾಗಿದ್ದ ಬ್ರಿಟಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಧಾರವಾಡ ಸೀಮೆಯಲ್ಲೇ ಕೆಲಸ ಮಾಡುತ್ತ ಅಲ್ಲಿನ ಪ್ರಾಣಿಗಳನ್ನು ಗಮನಿಸಿದ ಈತ 1839ರಲ್ಲಿ ಆ ಪ್ರದೇಶದ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ತೆನೆ ಕೂಡಿಡುವ ಗದ್ದೆ ಹೆಗ್ಗಣಕ್ಕೆ ಅವನು ಕೊಟ್ಟ ಲ್ಯಾಟಿನ್ ಹೆಸರಿನ ಅರ್ಥವೇ ಮುಂದಾಲೋಚನೆಯುಳ್ಳದ್ದು ಎಂದು. ಅದೇ ಪಟ್ಟಿಯಲ್ಲಿ ಮೆಟ್ಟಾಡೆ ಎಂಬ ಮೆದುಗೂದಲಿನ ಹೊಲದ ಇಲಿಯ ವೃತ್ತಾಂತವಿದೆ. ಬೇಸಿಗೆಯಲ್ಲಿ ಎರೆನೆಲ ಬಿರುಕು ಬಿಟ್ಟಾಗ ಈ ಇಲಿ ಆ ಬಿರುಕುಗಳಲ್ಲೇ ವಾಸ ಮಾಡುತ್ತದೆ. ಮುಂಗಾರು ಸುರಿದು ಬಿರುಕು ಮುಚ್ಚಿಕೊಂಡಾಗ ಲೆಕ್ಕವಿಲ್ಲದಷ್ಟು ಇಲಿಗಳು ಒಳಗೇ ಸಾಯುತ್ತವೆ. 1826ರಲ್ಲಿ ಆರಂಭದ ಮಳೆ ಕೈಕೊಟ್ಟಿತು, ಇಲಿಗಳು ಮಿತಿಮೀರಿದವು. ಬಿತ್ತಿದ ಬೀಜವನ್ನೂ ತಿಂದವು, ಜೋಳದ ದಂಟು ಹತ್ತಿ ತೆನೆಯನ್ನೂ ಕತ್ತರಿಸಿದವು. ರೈತರು ಕಂದಾಯ ಕಟ್ಟಲಾಗದ ಸ್ಥಿತಿಗೆ ಬಂದು, ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ಒಡ್ಡರಿಂದ ಇಲಿ ಹೊಡೆಸಿದರು. ಸಾವಿರಗಟ್ಟಲೆ ಕೊಂದರೂ ಸಂಖ್ಯೆ ತಗ್ಗಿದಂತೆ ಕಾಣಲಿಲ್ಲ ಎಂದು ಎಲಿಯಟ್ ಬರೆದ. ಪ್ರತಿವರ್ಷ ಬಿರುಕು ಮುಚ್ಚಿ ಮಳೆ ಮಾಡುತ್ತಿದ್ದ ಕೆಲಸ ದೊಣ್ಣೆಯಿಂದ ಆಗಲಿಲ್ಲ. ಇಲಿಯ ಸಂಖ್ಯೆಯನ್ನು ಹಿಡಿದಿಟ್ಟಿದ್ದು ಅದರ ಮನೆಯಾಗಿದ್ದ ನೆಲ.

ಹೀಗೇಕೆ ಎಂಬುದಕ್ಕೆ ಉತ್ತರ ಇಲಿಯ ವಿಕಾಸದಲ್ಲಿದೆ. ಕೇರೆ ಹಾವು, ನಾಗರ, ಗೂಬೆ, ಮುಂಗುಸಿ, ನರಿ, ಎಲ್ಲರಿಗೂ ಇಲಿ ಬೇಕು. ನಾಳೆ ಬದುಕಿರುವ ಭರವಸೆಯೇ ಇಲ್ಲದ ಇಂಥ ಜೀವಿಗಳಲ್ಲಿ ಬೇಗ ಬೆಳೆದು, ಬೇಗ ಹೆತ್ತು, ಹೆಚ್ಚು ಹೆತ್ತವುಗಳ ಸಂತತಿಯೇ ಉಳಿದುಕೊಂಡು ಬಂತು. ಗದ್ದೆ ಹೆಗ್ಗಣದ ಗರ್ಭಾವಧಿ ಮೂರು ವಾರಕ್ಕಿಂತ ತುಸು ಹೆಚ್ಚು. ಒಂದು ಸೂಲಿಗೆ ಸಾಮಾನ್ಯವಾಗಿ ಆರೇಳು ಮರಿ. ಹೆತ್ತ ಬೆನ್ನಿಗೇ ಮತ್ತೆ ಗರ್ಭ ಧರಿಸಿ, ಹಾಲೂಡುತ್ತಲೇ ಮುಂದಿನ ಸೂಲಿಗೆ ಅಣಿಯಾಗಬಲ್ಲದು. ಇಂಥ ಪ್ರಾಣಿಯ ಅರ್ಧ ಸಂಖ್ಯೆಯನ್ನು ಕೊಂದರೆ ಉಳಿದರ್ಧಕ್ಕೆ ಊಟವೂ ಬಿಲವೂ ಇಮ್ಮಡಿಯಾದಂತೆ. ಹಿಂದೆ ಹಸಿವಿನಿಂದ ಸಾಯುತ್ತಿದ್ದ ಮರಿಗಳು ಈಗ ಬದುಕುತ್ತವೆ. ಪಕ್ಕದ ಗದ್ದೆಯಿಂದ ಹೊಸಬರೂ ಬಂದು ಸೇರುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಡೇವಿಡ್ ಡೇವಿಸ್ ಮತ್ತವರ ಸಂಗಡಿಗರು ಕಂಡದ್ದೂ ಇದನ್ನೇ. ಬೋನಿಟ್ಟು ಹಿಡಿದ ಕಡೆ ಇಲಿಗಳು ಮತ್ತೆ ತುಂಬಿಕೊಂಡವು. ಕಸ ತೆಗೆದು, ಅಡಗುತಾಣ ಮುಚ್ಚಿದ ಕಡೆ ಇಳಿದ ಸಂಖ್ಯೆ ಇಳಿದೇ ಉಳಿಯಿತು.

ವಿಷ ಹಾಕಿದ ಮರುದಿನ ಸತ್ತ ಇಲಿ ಕಣ್ಣೆದುರೇ ಬಿದ್ದಿರುತ್ತದಲ್ಲ ಎಂದು ಕೇಳಬಹುದು. ನಿಜ. ಹಂಗಾಮಿನ ಆರಂಭದಲ್ಲಿ, ಇಡೀ ಬೈಲಿನವರು ಒಂದೇ ದಿನ ಕೂಡಿ ಹಾಕಿದರೆ ವಿಷಕ್ಕೂ ಒಂದು ಸ್ಥಾನವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಒಬ್ಬೊಬ್ಬರೇ, ಬೆಳೆ ಹಾಳಾದ ಮೇಲೆ ಹಾಕುವ ವಿಷ ಇಲಿಗೆ ಪಾಠ ಕಲಿಸುವ ಶಾಲೆಯಾಗುತ್ತದೆ. ಹೊಸ ತಿನಿಸನ್ನು ಇಲಿ ಮೊದಲು ಚೂರೇ ಕಚ್ಚಿ ನೋಡುತ್ತದೆ. ಸತುವಿನ ಫಾಸ್ಫೈಡ್ ಬೆರೆಸಿದ ಅಕ್ಕಿಯನ್ನು ಅಷ್ಟೇ ತಿಂದು, ಹೊಟ್ಟೆ ಕೆಟ್ಟು ಬದುಕಿಕೊಂಡ ಇಲಿ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಆ ವಿಷಕ್ಕೆ ಮೊದಲು ಎರಡು ಮೂರು ದಿನ ಬರಿಯ ತಿಂಡಿ ಇಟ್ಟು ರೂಢಿ ಮಾಡಿಸಬೇಕೆನ್ನುವುದು ಇದಕ್ಕಾಗಿಯೇ. ರಕ್ತ ಹೆಪ್ಪುಗಟ್ಟದಂತೆ ಮಾಡಿ ನಿಧಾನವಾಗಿ ಕೊಲ್ಲುವ ವಾರ್ಫರಿನ್ 1950ರ ಸುಮಾರಿಗೆ ಬಂದಾಗ ಸಮಸ್ಯೆ ಮುಗಿಯಿತೆಂದೇ ಜಗತ್ತು ನಂಬಿತ್ತು. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಜಗ್ಗದ ಇಲಿಗಳು ಕಾಣಿಸಿಕೊಂಡವು. ಈ ಗುಣದ ಹಿಂದಿನ ಜೀನ್ 2004ರಲ್ಲಿ ಪತ್ತೆಯಾಯಿತು. ಯುರೋಪಿನ ಕೆಲವು ಮನೆ ಇಲಿಗಳು ವಿಷ ತಡೆಯುವ ಗುಣವನ್ನು ಬೇರೊಂದು ಪ್ರಭೇದದ ಇಲಿಯೊಡನೆ ಕೂಡಿ ಪಡೆದಿವೆ ಎಂಬುದು 2011ರಲ್ಲಿ ತಿಳಿಯಿತು. ಬೇರೆ ಪ್ರಭೇದದ ಆಸ್ತಿ ಮದುವೆಯ ಮೂಲಕ ಮನೆಗೆ ಬಂದಂತೆ! ವಿಷ ಬಲವಾದಷ್ಟೂ ಅದನ್ನು ತಾಳಿಕೊಳ್ಳಬಲ್ಲ ಇಲಿಯನ್ನು ನಾವೇ ಆರಿಸಿ ಬೆಳೆಸುತ್ತಿರುತ್ತೇವೆ.

ನನ್ನ ವಾದಕ್ಕೆ ಇದಕ್ಕಿಂತ ಗಂಭೀರವಾದ ಆಕ್ಷೇಪ ಇಲಿ ಜ್ವರದ್ದು. ಉಡುಪಿ ಜಿಲ್ಲೆಗೆ ಇದು ಹೊಸದಲ್ಲ, ಮಳೆಗಾಲ ಬಂತೆಂದರೆ ಮಣಿಪಾಲದ ವೈದ್ಯರಿಗೆ ಪರಿಚಿತ ಕಾಯಿಲೆ. ಇದರ ಸೂಕ್ಷ್ಮಾಣು ಇಲಿಯ ಮೂತ್ರಪಿಂಡದಲ್ಲಿ ಅದಕ್ಕೆ ಹೆಚ್ಚೇನೂ ತೊಂದರೆ ಕೊಡದೆ ನೆಲೆಸಿ, ಮೂತ್ರದೊಡನೆ ನೀರಿಗಿಳಿದು, ಗದ್ದೆಯಲ್ಲಿ ನಿಂತವರ ಕಾಲಿನ ಸಣ್ಣ ಗಾಯದ ಮೂಲಕ ಒಳಹೊಗುತ್ತದೆ. ಜನರ ಜೀವಕ್ಕೇ ಕುತ್ತಿರುವಾಗ ಇಲಿಯ ಮೇಲೆ ಕರುಣೆಯೇ ಎಂದರೆ, ಪ್ರಶ್ನೆ ಕರುಣೆಯದ್ದಲ್ಲ. ಕೆನಡಾದ ವ್ಯಾಂಕೂವರಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಲಿಗಳನ್ನು ಬೋನಿಟ್ಟು ಕೊಂದ ಬೀದಿಗಳಲ್ಲಿ ಉಳಿದ ಇಲಿಗಳು ಈ ರೋಗಾಣುವನ್ನು ಹೊತ್ತಿರುವ ಸಾಧ್ಯತೆ ಹೆಚ್ಚಿತ್ತು. ಕುಟುಂಬ ಒಡೆದಾಗ ಉಳಿದವು ಅಲೆದಾಡಿ, ಅಪರಿಚಿತ ಇಲಿಗಳೊಡನೆ ಕಾದಾಡಿ ಸೋಂಕು ಹಂಚಿಕೊಂಡಿರಬಹುದೆಂದು ಸಂಶೋಧಕರು ಊಹಿಸಿದರು. ನಗರದ ಬೀದಿಯೇ ಬೇರೆ, ನಮ್ಮ ಬೈಲೇ ಬೇರೆ, ಒಪ್ಪಿದೆ. ಆದರೆ ಕೊಂದಷ್ಟೂ ರೋಗ ತಗ್ಗುತ್ತದೆ ಎಂಬ ನಂಬಿಕೆಗೆ ಇದು ಎಚ್ಚರಿಕೆಯೇ.

ವಿಷಕ್ಕೆ ಕುರುಡುತನವೂ ಇದೆ: ಹುಣಿಯಲ್ಲಿರುವ ಎಲ್ಲ ಇಲಿಯೂ ಹೆಗ್ಗಣವಲ್ಲ. ಹತ್ತು ಗ್ರಾಂ ಆಸುಪಾಸಿನ ಪುಟ್ಟ ಹೊಲದ ಇಲಿಯೊಂದು ದಕ್ಷಿಣ ಭಾರತದ ಗದ್ದೆಗಳಲ್ಲಿ ಹುಲ್ಲಿನ ಬೀಜ, ಹುಳಹುಪ್ಪಟೆ ತಿಂದುಕೊಂಡಿರುತ್ತದೆ. 1837ರಲ್ಲಿ ಇದಕ್ಕೆ ಬೂಡುಗ ಎಂದು ಹೆಸರಿಟ್ಟರು. ಇದನ್ನೇ ಹೋಲುವ ಇನ್ನೊಂದು ಇಲಿಯಿದೆ, ಕ್ರೋಮೋಸೋಮುಗಳನ್ನು ನೋಡಿದಾಗಲೇ ಇವೆರಡೂ ಬೇರೆ ಎಂಬುದು ಖಚಿತ. ಮದುರೆಯಲ್ಲಿ ಎಂ.ಕೆ. ಚಂದ್ರಶೇಖರನ್ ಮತ್ತು ಸಹೋದ್ಯೋಗಿ 1985ರಲ್ಲಿ ಈ ಬೂಡುಗದಲ್ಲೇ ಅಪೂರ್ವವಾದ ಸಂಗತಿಯೊಂದನ್ನು ತೋರಿಸಿದರು. ಕಣ್ಣು ಬಿಡದ ಮರಿಗಳಿಗೆ ಹಗಲುರಾತ್ರಿಯ ಗಡಿಯಾರವನ್ನು ಹೊಂದಿಸುವುದು ತಾಯಿ. ಅವಳು ಗೂಡಿನಲ್ಲಿರುವ ಹೊತ್ತು, ಇಲ್ಲದ ಹೊತ್ತು, ಇವೇ ಕತ್ತಲೆಯಲ್ಲಿರುವ ಮರಿಗೆ ಕಾಲದ ಸೂಚನೆ. ಪಾಷಾಣದ ಕಾಳಿಗೆ ಈ ತಾಯಿಗೂ ತೆನೆಗಳ್ಳ ಹೆಗ್ಗಣಕ್ಕೂ ಭೇದ ಗೊತ್ತಿಲ್ಲ. ವಿಷ ತಿಂದ ಇಲಿಯನ್ನು ತಿನ್ನುವ ಗೂಬೆಗೂ ನಂಜು ತಗಲಬಹುದು, ಆಗ ಮುಂದಿನ ವರ್ಷದ ಇಲಿಗೆ ಒಬ್ಬ ಶತ್ರು ಕಡಿಮೆಯಾಗುತ್ತಾನೆ.

ಹಾಗಾದರೆ ಮಾಡಬೇಕಾದ್ದೇನು? ಧಾರವಾಡದ ಮಳೆ ಮಾಡುತ್ತಿದ್ದುದನ್ನೇ. ಹೆಗ್ಗಣಕ್ಕೆ ಬಿಲ ತೋಡಲು ದಪ್ಪ ಹುಣಿ ಬೇಕು. ಹುಣಿಯ ಅಗಲ 30 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದರಲ್ಲಿ ಗೂಡು ಕಟ್ಟುವುದು ಕಷ್ಟ ಎಂಬುದು ಏಷ್ಯಾದ ಭತ್ತದ ನಾಡುಗಳ ಅನುಭವ. ಎರಡನೆಯದು ಕಾಲ. ಇಲಿಯ ಸೂಲು ತೆನೆಯ ಬೆನ್ನು ಹಿಡಿಯುತ್ತದೆ. ಇಡೀ ಬೈಲು ಎರಡು ವಾರದೊಳಗೆ ನೆಟ್ಟು ಒಟ್ಟಿಗೆ ಕೊಯ್ದರೆ ಅದರ ಸುಗ್ಗಿ ಬೇಗ ಮುಗಿಯುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ನೆಟ್ಟರೆ ಇಲಿಗೆ ತಿಂಗಳುಗಟ್ಟಲೆ ಊಟ ಹಾಕಿದಂತೆ. ಏಣೆಲು, ಸುಗ್ಗಿ, ಕೊಳಕೆ ಎಂದು ಊರಿಗೆ ಊರೇ ಹಂಗಾಮು ಹಿಡಿದು ಬೇಸಾಯ ಮಾಡುತ್ತಿದ್ದಾಗ ಈ ಹೊಂದಾಣಿಕೆ ತಾನಾಗಿಯೇ ಇತ್ತು. ಆಳು ಸಿಗದೆ, ಮಕ್ಕಳು ಊರು ಬಿಟ್ಟು, ಗದ್ದೆಗಳ ನಡುನಡುವೆ ಹಡಿಲು ಬಿದ್ದ ಮೇಲೆ ಅದು ಮುರಿಯಿತು. ಉತ್ತು ಬಿಲ ಒಡೆಯುವವರಿಲ್ಲದ, ಹುಲ್ಲು ಆಳೆತ್ತರ ಬೆಳೆದ ಹಡಿಲು ಇಲಿಗೆ ವರ್ಷವಿಡೀ ಬೀಡು, ಪಕ್ಕದಲ್ಲಿ ನೆಟ್ಟವನಿಗೆ ನಷ್ಟ. 2021ರಲ್ಲಿ ಕೇದಾರೋತ್ಥಾನ ಟ್ರಸ್ಟಿನ ಆಂದೋಲನದಲ್ಲಿ ಉಡುಪಿಯ ಹಡಿಲು ಗದ್ದೆಗಳಿಗೆ ಮತ್ತೆ ನೇಗಿಲು ಇಳಿದಾಗ ಎಲ್ಲರೂ ಮಾತಾಡಿದ್ದು ಅಕ್ಕಿಯ ಬಗ್ಗೆ. ಆ ಉಳುಮೆಯಲ್ಲಿ ಮಗುಚಿಬಿದ್ದ ಪ್ರತಿ ಬಿಲವೂ ಪಕ್ಕದ ಗದ್ದೆಯವನಿಗೆ ಆದ ಲಾಭವೇ.